ಫ್ರ್ಯಾಪಿಂಗ್ ಎಂಬ ಕೊನೆಯ ಎರಡು ಸುತ್ತು

ಶಾಲೆಯಲ್ಲಿ ಸ್ಕೌಟ್ ಮಕ್ಕಳಿಗೆ ಚೌಕ ಲ್ಯಾಶಿಂಗ್, ಅಂದರೆ ನಿಂತ ಕಂಬಕ್ಕೆ ಅಡ್ಡಕೋಲನ್ನು ಹಗ್ಗದಿಂದ ಕಟ್ಟುವುದು, ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಸುತ್ತುವುದರಲ್ಲಿ ಎಲ್ಲರೂ ಹುಷಾರು. ನಿಂತ ಕಂಬಕ್ಕೆ ಅಡ್ಡಕೋಲಿನ ಕೆಳಗೊಂದು ಕ್ಲೋವ್ ಹಿಚ್ ಗಂಟು, ಆಮೇಲೆ ಎರಡನ್ನೂ ಸೇರಿಸಿ ಮೂರು ಸುತ್ತು. ಅಲ್ಲಿಗೆ ಮುಗಿಯಿತು ಅಂತ ಕೈ ಕೊಡವುತ್ತಾರೆ. ಅಸಲು ಕೆಲಸ ಇರುವುದು ಆಮೇಲಿನ ಎರಡು ಸುತ್ತಿನಲ್ಲಿ. ಅಲ್ಲಿ ಹಗ್ಗ ಕೋಲನ್ನು ಸುತ್ತುವುದಿಲ್ಲ. ಎರಡು ಕೋಲಿನ ಸಂದಿಯಲ್ಲಿ ನುಗ್ಗಿ, ಮೊದಲು ಸುತ್ತಿದ ಹಗ್ಗವನ್ನೇ ಹಿಂಡುತ್ತದೆ. ಅದೇ ಫ್ರ್ಯಾಪಿಂಗ್.

ಬಟ್ಟೆ ಒಣಗಿಸುವ ಬಿಗಿ ಹಗ್ಗವನ್ನು ನಡುವಲ್ಲಿ ಹಿಡಿದು ಪಕ್ಕಕ್ಕೆ ಜಗ್ಗಿ ನೋಡಿ. ನೀವು ಹಾಕಿದ್ದು ಅಲ್ಪ ಬಲ, ಎರಡೂ ತುದಿಯ ಮೊಳೆ ಕಿತ್ತುಬರುವಷ್ಟು ಎಳೆತ. ಈ ಕಟ್ಟಿನ ಗುಟ್ಟೂ ಅಷ್ಟೆ.

ಪದ ಬಂದದ್ದು ಹಡಗಿನಿಂದ. ಮೂಲ ಹಳೆಯ ಫ್ರೆಂಚಿನದು, ಅರ್ಥ ‘ಹೊಡೆ’. ಹಗ್ಗ ಕಟ್ಟುವುದಕ್ಕೂ ಫ್ರೆಂಚ್ ನಾವಿಕರು ಅದೇ ಕ್ರಿಯಾಪದ ಬಳಸುತ್ತಾರೆ. (ಮಾಲ್‌ಗಳಲ್ಲಿ ದುಡ್ಡು ಸುಲಿಯುವ ಫ್ರಾಪೆ ಕಾಫಿಯೂ ಅದೇ ಕುಲದ್ದು.) ವಿಲಿಯಂ ಫಾಲ್ಕನರ್ 1769ರಲ್ಲಿ ಹೊರತಂದ ನೌಕಾ ನಿಘಂಟಿನಲ್ಲಿ ಫ್ರ್ಯಾಪಿಂಗ್ ಎಂದರೆ ಇಡೀ ಹಡಗನ್ನೇ ಕಟ್ಟುವುದು: ಬಿರುಗಾಳಿಗೆ ಒಡಲು ಬಾಯಿಬಿಡದಂತೆ ದಪ್ಪ ಹಗ್ಗವನ್ನು ಸುತ್ತಲೂ ನಾಲ್ಕೈದು ಸಲ ಬಳಸಿ ಬಿಗಿಯುವುದು. ತೀರಾ ಹಳೆಯ ಹಡಗಿಗೆ ಮಾತ್ರ ಈ ಉಪಾಯವಂತೆ. ಉಪಾಯವೇನೋ ಬಲು ಪುರಾತನ. ಬೈಬಲ್ಲಿನಲ್ಲಿ ಸಂತ ಪೌಲ ರೋಮಿಗೆ ಹೊರಟ ಹಡಗಿಗೂ ಕ್ರೀಟ್ ದ್ವೀಪದ ಹತ್ತಿರ ಹೀಗೆಯೇ ಅಡಿಯಿಂದ ಹಗ್ಗ ಬಿಗಿದಿದ್ದರು. ಫಾಲ್ಕನರ್ ಅದೇ 1769ರಲ್ಲಿ ಭಾರತಕ್ಕೆ ಹಡಗು ಹತ್ತಿದವ, ಗುಡ್ ಹೋಪ್ ಭೂಶಿರ ದಾಟಿದ ಮೇಲೆ ಹಡಗೂ ಇಲ್ಲ, ಆತನೂ ಇಲ್ಲ.

ನಮ್ಮ ಕುಂಬಳೆ ಕಡೆ ಮದುವೆ ಚಪ್ಪರಕ್ಕೆ ಅಡಕೆ ಮರದ ಕಂಬ ನೆಡುವವರು ಈ ನಿಘಂಟನ್ನೆಲ್ಲ ಕಂಡವರಲ್ಲ. ಆದರೂ ಮೊನ್ನೆ ನೆರೆಮನೆಯ ಚಪ್ಪರದಲ್ಲಿ ಒಬ್ಬರು ಕಂಬಕ್ಕೆ ಪಾದ ಒತ್ತಿ, ತೆಂಗಿನ ನಾರಿನ ಹಗ್ಗವನ್ನು ಸಂದಿಯಿಂದ ತಂದು, ತುದಿಯನ್ನು ಅಂಗೈಗೆ ಒಂದು ಸುತ್ತು ಹಾಕಿಕೊಂಡು ಮೈಯಿಡೀ ಹಿಂದಕ್ಕೆ ವಾಲಿಸಿ ಎಳೆದರು. ಹಗ್ಗ ಕಿರ್ರೆಂದಿತು.

“ಇದಕ್ಕೆ ಹೆಸರು ಎಂಥ?” ಅಂದೆ.

“ಹೆಸರೆಂಥದ್ದು ಮಾಷ್ಟ್ರೇ, ನಡು ಬಿಗಿಯದಿದ್ರೆ ಊಟದ ಹೊತ್ತಿಗೆ ಚಪ್ಪರ ಬಾಳೆಲೆ ಮೇಲೆ!”

ನಾರಿನ ಹಗ್ಗ ಒರಟು, ಕಚ್ಚಿ ಕೂರುತ್ತದೆ. ಶಾಲೆಗೆ ಬರುವುದು ನೀಲಿ ಪ್ಲಾಸ್ಟಿಕ್ ಹಗ್ಗ, ಜಾರುವುದೇ ಅದರ ಗುಣ. ಹಾಗಾಗಿ ನಮ್ಮ ಮಕ್ಕಳಿಂದ ಫ್ರ್ಯಾಪಿಂಗ್ ಮೂರು ಸುತ್ತು ಹಾಕಿಸುತ್ತೇನೆ. ಪರೀಕ್ಷೆ ಮಾಡಲು ಬರುವವರು ಎರಡೇ ಸಾಕು ಅನ್ನುತ್ತಾರೆ; ಮಕ್ಕಳು ಕಟ್ಟಿದ ಗೋಪುರವನ್ನು ಅವರು ಹತ್ತುವವರಲ್ಲವಲ್ಲ.