ಊರು ದಾಟಿದ ಸೀರೆ

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಯಲಿಯೂರು ದಾಟುತ್ತಿದ್ದಂತೆ ನಮ್ಮ ಬೋಗಿಯ ಹೆಂಗಸರಲ್ಲಿ ಹಲವರು ಎದ್ದು ನಿಲ್ಲುತ್ತಾರೆ. ಮಂಡ್ಯದಲ್ಲಿ ಇಳಿಯಬೇಕಾದ ಶಿಕ್ಷಕಿಯರು, ಸರ್ಕಾರಿ ಕಚೇರಿಗಳವರು, ನನ್ನಂಥ ಬ್ಯಾಂಕಿನವರು ನೆರಿಗೆ ಕೊಡವಿ, ಭುಜದ ಪಿನ್ನು ಬಿಚ್ಚಿ ಸೆರಗನ್ನು ಮಡಿಕೆ ಮಡಿಕೆಯಾಗಿ ಮತ್ತೆ ಜೋಡಿಸಿಕೊಳ್ಳುವ ಹೊತ್ತಿನಲ್ಲಿ, ಕುರ್ತಾ, ಜೀನ್ಸ್ ತೊಟ್ಟು ಕೊರಳಿಗೆ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯರು ಕೆಂಗೇರಿ ಇನ್ನೂ ದೂರವಿದೆಯೆಂಬ ನೆಮ್ಮದಿಯಲ್ಲಿ ನಿದ್ದೆ ಮಾಡುತ್ತಿರುತ್ತಾರೆ.

ಮಂಡ್ಯದ ಶಾಖೆಯಲ್ಲಿ ಸೀರೆಯನ್ನೇ ಉಡಬೇಕೆಂಬ ನಿಯಮವೇನೂ ಇಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಚೂಡಿದಾರ್ ತೊಟ್ಟು ಕುಳಿತಿದ್ದಾಗ, ಬೆಳೆಸಾಲ ನವೀಕರಿಸಲು ಬಂದ ಹಿರಿಯ ರೈತರೊಬ್ಬರು ನನ್ನ ಮೇಜಿನ ಮುಂದೆಯೇ ನಿಂತು, "ಮೇಡಮ್ನೋರು ಬಂದಿಲ್ವೇನವ್ವ?" ಎಂದು ಕೇಳಿದರು. ಅದರಲ್ಲಿ ಅಗೌರವವಿರಲಿಲ್ಲ, ಅವರ ಕಣ್ಣಿಗೆ ನಾನು ತರಬೇತಿಗೆ ಬಂದ ಹುಡುಗಿ. ಮರುವಾರದಿಂದ ಗಂಜಿ ಹಾಕಿದ ಹತ್ತಿಸೀರೆ ಉಡತೊಡಗಿದೆ, ಆ ಪ್ರಶ್ನೆ ನಿಂತಿತು. ಇಸ್ತ್ರಿಗೆ ಹಾಳಾಗುವ ಬೆಳಗಿನ ಸಮಯವನ್ನು ಗಂಡಸರ ಷರಟು ಯಾವತ್ತೂ ಕೇಳಿದ್ದಿಲ್ಲ ಎಂಬ ಸಿಟ್ಟು ಮಾತ್ರ ಇವತ್ತಿಗೂ ಹೋಗಿಲ್ಲ.

ಬಾಗಲಕೋಟೆ ಜಿಲ್ಲೆಗೆ ವರ್ಗವಾದಾಗ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಪೆಚ್ಚಾದೆ. ಇಳಕಲ್ಲಿನ ನಾಡಿಗೆ ಬಂದಮೇಲೆ ಇಳಕಲ್ ಸೀರೆಯನ್ನೇ ಉಡಬೇಕೆಂದುಕೊಂಡು, ದಾಳಿಂಬೆ ಬಣ್ಣದ ಸೆರಗಿನಲ್ಲಿ ಬಿಳಿ ತೆನೆಗಳು ಸಾಲುಗಟ್ಟಿದ ಒಂದನ್ನು ಕೊಂಡೆ. ಈ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಕೊಂಡಿಯಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಆ ಸಂದನ್ನು ಬೆರಳಿನಿಂದ ಸವರಿ ನೋಡದೆ ಉಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಅದನ್ನುಟ್ಟು ಶಾಖೆಗೆ ಹೋದ ದಿನ, ಸಿಂಥೆಟಿಕ್ ಬಟ್ಟೆಯ ಪೂನಂ ಸೀರೆ ಉಟ್ಟಿದ್ದ ಸಹೋದ್ಯೋಗಿ ನಕ್ಕು, "ಮೇಡಂ, ಇದನ್ನ ನಮ್ಮವ್ವ ಹೊಲಕ್ಕ ಉಡತಾಳ್ರಿ" ಎಂದರು. ಅಲ್ಲಿ ಕಚೇರಿಗೆ ಬರುವುದೆಂದರೆ ಅವ್ವನ ಸೀರೆಯಿಂದ ಒಂದು ಹೆಜ್ಜೆ ಆಚೆ ಬರುವುದು. ಅದೇ ಇಳಕಲ್ ಸೀರೆ ಬೆಂಗಳೂರಿನ ನಮ್ಮ ಸಭೆಯೊಂದರಲ್ಲಿ ಅಭಿರುಚಿಯ ಗುರುತಾಗಿ ಹೊಗಳಿಸಿಕೊಂಡಿತು.

ನಮ್ಮೂರು ಮೈಸೂರಿನ ಸೀರೆಯ ಕಥೆಯೂ ಬೇರೆಯಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿ ಈಗಲೂ ನಡೆಯುತ್ತಿದೆ. ಆದರೆ ಆ ರಸ್ತೆಯಲ್ಲಿ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ಮೈಮೇಲೆ ಮೈಸೂರು ರೇಷ್ಮೆಯನ್ನು ನಾನು ಕಂಡಿಲ್ಲ. ಬೆಲೆ ಒಂದು ಕಾರಣ, ಸ್ಕೂಟರು ಇನ್ನೊಂದು, ಅದು ಮದುವೆಮನೆಯ ಸೀರೆ ಎಂಬ ಭಾವನೆ ಎಲ್ಲಕ್ಕಿಂತ ದೊಡ್ಡದು. ದೆಹಲಿಯ ಕಚೇರಿಯೊಂದರಲ್ಲಿರುವ ನನ್ನ ಅತ್ತಿಗೆ ಮಾತ್ರ ಮುಖ್ಯವಾದ ಸಭೆಯಿದ್ದರೆ ಸಣ್ಣ ಜರಿಯಂಚಿನ ಮೈಸೂರು ರೇಷ್ಮೆಯನ್ನೇ ಆರಿಸುತ್ತಾರೆ.

ಬರೆದಿಟ್ಟ ನಿಯಮಗಳಲ್ಲಿ ಈ ಸೂಕ್ಷ್ಮಗಳಿಗೆ ಜಾಗವಿಲ್ಲ. ತಮಿಳುನಾಡು ಸರ್ಕಾರ 2019ರಲ್ಲಿ ಸಚಿವಾಲಯದ ನೌಕರರಿಗೆ ಹೊರಡಿಸಿದ ಆದೇಶ ಮಹಿಳೆಯರಿಗೆ ಸೀರೆ, ಸಲ್ವಾರ್ ಅಥವಾ ದುಪಟ್ಟಾ ಸಮೇತ ಚೂಡಿದಾರ್ ಎಂದಿತು, ಅಷ್ಟೆ. ಯಾವ ಸೀರೆ ಎಂಬುದನ್ನು ಎದುರಿಗೆ ನಿಂತವರ ಕಣ್ಣು ತೀರ್ಮಾನಿಸುತ್ತದೆ.

ಮಂಡ್ಯಕ್ಕೆ ಮರಳಿದ ಮೇಲೆ ಒಂದು ಸೋಮವಾರ ಆ ಇಳಕಲ್ ಸೀರೆಯನ್ನೇ ಉಟ್ಟು ಹೋಗಿದ್ದೆ. ಸ್ವಸಹಾಯ ಸಂಘದ ಲೆಕ್ಕಪುಸ್ತಕ ಹಿಡಿದು ಬಂದಿದ್ದ ಮಹಿಳೆಯೊಬ್ಬರು ಸಹಿ ಹಾಕುವುದನ್ನು ಬಿಟ್ಟು ನನ್ನ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಾ, "ಇದ್ಯಾವೂರ್ ಸೀರೆ ಮೇಡಮ್ನೋರೆ, ನಮ್ ಕಡೆದಲ್ವಲ್ಲ" ಎಂದರು.