ಬೆಳಗ್ಗೆ ಏನು ತಿಂದಿರಿ?

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಕ್ಲಿನಿಕ್. ಎದೆಯುರಿ, ಹುಳಿತೇಗು ಅಂತ ದಿನಾ ಯಾರಾದರೂ ಬಂದೇ ಬರುತ್ತಾರೆ. ಅಡಿಕೆ ತೋಟದ ಒಬ್ಬ ಅಜ್ಜನೂ ಹಾಗೇ ಬಂದಿದ್ದರು. "ಗ್ಯಾಸ್ ಡಾಕ್ಟ್ರೇ, ಎದೆಯಲ್ಲಿ ಹಿಡಿದ ಹಾಗೆ ಆಗ್ತದೆ."

ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದುಕೊಟ್ಟೆ. ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಿ, ರಾತ್ರಿ ಉಂಡ ಕೂಡಲೇ ಮಲಗಬೇಡಿ ಅಂದೆ. ತಿಂಗಳು ಬಿಟ್ಟು ಬಂದಾಗ ಉರಿ ಕಡಿಮೆ ಅಂದರು. ಅದೇ ಮಾತ್ರೆ ಮುಂದುವರಿಸಿದೆ. ನಾನು ತಪ್ಪಿದ್ದು ಅಲ್ಲೇ. ಒಳಗೆ ದೊಡ್ಡ ಕಾಯಿಲೆ ಇದ್ದರೂ ಈ ಮಾತ್ರೆಗೆ ಉರಿ ತಗ್ಗಬಹುದು.

ಮೂರನೇ ಸಲ ಸೊಸೆಯೂ ಜೊತೆಗಿದ್ದರು. ಸುಮ್ನೆ ಮಾತಿಗೆ ಕೇಳಿದೆ, ಬೆಳಗ್ಗೆ ಏನು ತಿಂಡಿ ಅಂತ. ಅಜ್ಜ ಬಾಯಿ ತೆರೆಯುವ ಮೊದಲೇ ಸೊಸೆ ಹೇಳಿದರು: "ಮಾವನಿಗೆ ಈಗ ಹೆಚ್ಚಾಗಿ ಗಂಜಿಯೇ. ಕೊಟ್ಟಿಗೆ ಕಡುಬು ತಿನ್ನುವುದು ಬಿಟ್ಟು ಮೂರು ತಿಂಗಳಾಯ್ತು. ದೋಸೆಯನ್ನೂ ಚಾಯದಲ್ಲಿ ಅದ್ದಿ ಕೊಡ್ಬೇಕು."

ಅಜ್ಜನಿಗೆ ಅದು ಕಾಯಿಲೆ ಅಂತಲೇ ಅನಿಸಿರಲಿಲ್ಲ. ಹಲ್ಲಿಲ್ಲ, ವಯಸ್ಸಾಯ್ತು, ಅದಕ್ಕೇ ಗಂಜಿ ಅಂದುಕೊಂಡಿದ್ದರು. ಬಿ.ಪಿ. ನೋಡಲು ಅವರ ಕೈ ಎತ್ತಿದೆ. ವಾಚು ಮಣಿಕಟ್ಟಿನಿಂದ ಮೊಣಕೈವರೆಗೆ ಜಾರಿತು. ಅಷ್ಟು ಇಳಿದಿದ್ದರು.

ಬಾಯಿಯಿಂದ ಸಣ್ಣ ಕ್ಯಾಮೆರಾ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿಗೆ ಮಂಗಳೂರಿಗೆ ಕಳಿಸಿದೆ. ಅನ್ನನಾಳದ ಕೆಳಭಾಗದಲ್ಲಿ ಗೆಡ್ಡೆ. ತುಣುಕು ತೆಗೆದು ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಅಂತ ಬಂತು.

ಮೊದಲು ಗಟ್ಟಿ ಆಹಾರ ಸಿಕ್ಕಿಹಾಕಿಕೊಂಡು, ಆಮೇಲೆ ಮೆತ್ತಗಿನದ್ದು, ಕೊನೆಗೆ ನೀರೂ ಇಳಿಯದೇ ಹೋದರೆ ನಾಳ ದಿನೇ ದಿನೇ ಕಿರಿದಾಗುತ್ತಿದೆ ಅಂತ ಸಂಶಯಪಡಬೇಕು. ಜೊತೆಗೆ ತೂಕ ಇಳಿದರೆ ಕಾಯಬಾರದು. ಗಂಟಲಲ್ಲೇ ಸಿಕ್ಕಿದ ಹಾಗಾಗುತ್ತದೆ ಅಂದರೂ ನಂಬಿ ಕೂರಬೇಡಿ, ಅಡ್ಡಿ ಎಷ್ಟೋ ಕೆಳಗಿರಬಹುದು. ಅನ್ನ, ನೀರು ಎರಡೂ ಮೊದಲಿಂದಲೇ ನಿಲ್ಲುವವರ ಕಥೆ ಬೇರೆ. ಅಲ್ಲಿ ತೊಂದರೆ ಹೆಚ್ಚಾಗಿ ನಾಳದ ಚಲನೆಯದ್ದು. ಅಕಲೇಶಿಯಾ ಅನ್ನುವ ಅಂಥ ಕಾಯಿಲೆಯಲ್ಲಿ ಹೊಟ್ಟೆಯ ಬಾಯಿಯ ಸ್ನಾಯು ಸರಿಯಾಗಿ ಸಡಿಲವಾಗುವುದಿಲ್ಲ. ಉಂಡದ್ದು ರಾತ್ರಿ ಹಾಗೇ ಬಾಯಿಗೆ ಬರುತ್ತದೆ. ವಯಸ್ಸು ಚಿಕ್ಕದಾದರೂ ಬರಬಹುದು. ಬಲೂನಿನಿಂದ ಹಿಗ್ಗಿಸಿದರೆ ಅಥವಾ ಆ ಸ್ನಾಯುವನ್ನು ಕೊಯ್ದರೆ ಜಾಸ್ತಿ ಜನರಿಗೆ ಒಳ್ಳೆ ಆರಾಮ ಸಿಗುತ್ತದೆ.

ಅಡಿಕೆಯಿಂದಲೇ ಬದುಕುವ ಊರಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಹೇಳುತ್ತೇನೆ, ಹೊಗೆಸೊಪ್ಪು ಹಾಕಿ ಎಲೆಅಡಿಕೆ ಜಗಿಯುವುದು ಅನ್ನನಾಳಕ್ಕೂ ಕೇಡು.

ಈಗ ಎದೆಯುರಿ ಅಂತ ಯಾರು ಬಂದರೂ ಚೀಟಿಯ ಮೊದಲ ಸಾಲಲ್ಲಿ ಬೆಳಗ್ಗೆ ಏನು ತಿಂದರು, ಆರು ತಿಂಗಳ ಹಿಂದೆ ಏನು ತಿನ್ನುತ್ತಿದ್ದರು ಅಂತ ಬರೆಯುತ್ತೇನೆ.

ಅಜ್ಜನ ಅನ್ನನಾಳಕ್ಕೆ ಸ್ಟೆಂಟ್, ಅಂದರೆ ದಾರಿ ತೆರೆದಿಡುವ ಕೊಳವೆ, ಹಾಕಿದ್ದಾರೆ. ಮೆತ್ತಗೆ ಕಿವುಚಿದ ಮಜ್ಜಿಗೆ ಅನ್ನ ಇಳಿಯುತ್ತದೆ ಅಂತ ಮೊನ್ನೆ ಸೊಸೆ ಫೋನ್ ಮಾಡಿದ್ದರು.