ಫೆನ್‌ವೇ ಪಾರ್ಕಿಗೆ ನೂರು ತುಂಬಿದ ವರ್ಷದ ಜಗಳ

ಬೇಸ್‌ಬಾಲ್ ರೂಲ್ಸ್ ತಲೆಗೆ ಹತ್ತುವ ಮೊದಲೇ ನನಗೆ ಫೆನ್‌ವೇ ಪಾರ್ಕನ್ನು ತವರು ಮೈದಾನ ಮಾಡಿಕೊಂಡಿರೋ ಬಾಸ್ಟನ್ ರೆಡ್ ಸಾಕ್ಸ್ ತಂಡದ ಒಳಜಗಳ ಅರ್ಥವಾಗಿತ್ತು. 2012ರಲ್ಲಿ ಆಫೀಸಿನ ಕಾಫಿ ಮಷೀನ್ ಮುಂದೆ ಬೇರೆ ಮಾತೇ ಇರಲಿಲ್ಲ.

ಹಿಂದಿನ ಸೆಪ್ಟೆಂಬರ್‌ನಲ್ಲಿ ತಂಡ ಸಾಲುಸಾಲಾಗಿ ಸೋತು ಪ್ಲೇಆಫ್ ಕೈಬಿಟ್ಟಿತ್ತು. ಆಟಗಾರರಿಗೆ ಸಲುಗೆ ಕೊಟ್ಟಿದ್ದ ಮ್ಯಾನೇಜರ್ ಟೆರಿ ಫ್ರಾಂಕೋನಾ ಹೋದರು, ಬಾಬಿ ವ್ಯಾಲೆಂಟೈನ್ ಬಂದರು. ಏಪ್ರಿಲ್‌ನಲ್ಲೇ ಅವರು, ತಂಡದ ಆಟಗಾರ ಕೆವಿನ್ ಯೂಕಿಲಿಸ್‌ಗೆ ಆಟದಲ್ಲಿ ಮೊದಲಿನಷ್ಟು ಮನಸ್ಸಿಲ್ಲ ಅಂತ ಟಿವಿಯಲ್ಲಿ ಅಂದುಬಿಟ್ಟರು. ಇಲ್ಲಿ ನಾವು ಹೀಗೆಲ್ಲ ನಡೆದುಕೊಳ್ಳೋದಿಲ್ಲ ಅಂತ ಜತೆ ಆಟಗಾರ ಡಸ್ಟಿನ್ ಪೆಡ್ರೋಯಾ ಪತ್ರಕರ್ತರ ಮುಂದೆಯೇ ತಿರುಗೇಟು ಕೊಟ್ಟ. ಮ್ಯಾನೇಜರ್ ಕ್ಷಮೆ ಕೇಳಿದರು. ಮುರಿದ ಮನಸ್ಸು ಕೂಡಲಿಲ್ಲ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ವಿಚಿತ್ರ. ನಮ್ಮಲ್ಲಿ ಮೈದಾನದೊಳಗೆ ಕ್ಯಾಪ್ಟನ್ ಹೇಳಿದ್ದೇ ನಡೆಯೋದು. 2017ರಲ್ಲಿ ಕೊಹ್ಲಿ ಜತೆ ಹೊಂದಿಕೆಯಾಗದೆ ಕೋಚ್ ಕುಂಬ್ಳೆಯವರೇ ರಾಜೀನಾಮೆ ಕೊಟ್ಟರು. ಬೇಸ್‌ಬಾಲ್‌ನಲ್ಲಿ ಯಾರು ಆಡಬೇಕು, ಯಾವ ಕ್ರಮದಲ್ಲಿ ಬ್ಯಾಟ್ ಹಿಡಿಯಬೇಕು ಎಲ್ಲ ಮ್ಯಾನೇಜರ್ ಕೈಯಲ್ಲಿ. ಆಟಗಾರರ ಹಾಗೇ ಯೂನಿಫಾರ್ಮ್ ತೊಟ್ಟಿರುತ್ತಾರೆ, ಪಂದ್ಯದ ನಡುವೆ ನಡೆದು ಬಂದು ಚೆಂಡು ಎಸೆಯೋ ಪಿಚರ್ ಕೈಯಿಂದ ಚೆಂಡು ಇಸಿದುಕೊಂಡರೆ ಅವನು ತೆಪ್ಪಗೆ ಹೊರನಡೆಯಬೇಕು.

ಜೂನ್ 24ರ ಭಾನುವಾರ ಯೂಕಿಲಿಸ್ ಟ್ರಿಪಲ್ ಹೊಡೆದು ಮೂರನೇ ಬೇಸ್ ಮುಟ್ಟಿದ. ತಕ್ಷಣ ಅವನ ಬದಲು ಓಡಲು ನಿಕ್ ಪಂಟೋ ಬಂದ. ಅವನನ್ನು ಬೇರೆ ತಂಡಕ್ಕೆ ಕಳಿಸುತ್ತಿದ್ದಾರೆ ಅಂತ ಸ್ಟ್ಯಾಂಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಎಲ್ಲರೂ ಎದ್ದು ನಿಂತು ‘ಯೂಊಊಕ್’ ಅಂತ ಕೂಗಿದರು. ಹೊಸಬರಿಗೆ ‘ಬೂ’ ಅಂತ ಛೀಮಾರಿ ಹಾಕಿದ ಹಾಗೆ ಕೇಳಿಸುತ್ತೆ, ಆದರೆ ಅದು ಪ್ರೀತಿ. ಹೆಲ್ಮೆಟ್ ಎತ್ತಿ ಬೀಸಿ ಡಗ್‌ಔಟ್‌ಗೆ ಇಳಿದವನು ಅಂದೇ ಶಿಕಾಗೋ ವೈಟ್ ಸಾಕ್ಸ್ ಪಾಲಾದ. ಬಹುತೇಕ ಆಟಗಾರರನ್ನು ಹೀಗೆ ಒಪ್ಪಿಗೆ ಕೇಳದೆಯೇ ಊರು ಬದಲಿಸಬಹುದು. ವೀಸಾ ನೆಚ್ಚಿಕೊಂಡು ಅಮೆರಿಕದಲ್ಲಿರೋ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತೆ.

ಜುಲೈನಲ್ಲಿ ಕೆಲವು ಆಟಗಾರರು ಮಾಲೀಕರ ಹತ್ತಿರವೇ ದೂರು ಒಯ್ದರು. ಆಗಸ್ಟ್‌ನಲ್ಲಿ ಗೊನ್ಸಾಲೆಜ್, ಬೆಕೆಟ್, ಕ್ರಾಫರ್ಡ್, ಪಂಟೋ ನಾಲ್ವರೂ ಒಂದೇ ಏಟಿಗೆ ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ. 69 ಗೆಲುವು, 93 ಸೋಲು. 1965ರ ನಂತರ ಇಷ್ಟು ಕೆಟ್ಟ ಸೀಸನ್ ಇರಲಿಲ್ಲ. ಸೀಸನ್ ಮುಗಿದ ಮರುದಿನವೇ ವ್ಯಾಲೆಂಟೈನ್ ಕೆಲಸ ಹೋಯಿತು. ಮುಂದಿನ ವರ್ಷ ಹೊಸ ಮ್ಯಾನೇಜರ್ ಜಾನ್ ಫ್ಯಾರೆಲ್ ಕೈಕೆಳಗೆ ಅದೇ ಪೆಡ್ರೋಯಾ, ತಂಡದಲ್ಲೇ ಉಳಿದಿದ್ದ ಆರ್ಟಿಜ್ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದರು.

ತಪ್ಪೆಲ್ಲ ವ್ಯಾಲೆಂಟೈನ್‌ರದೇ ಅಂತ ನಮ್ಮ ಆಫೀಸಿನವರ ವಾದ. ಅದೇ ಆಗಸ್ಟ್‌ನಲ್ಲಿ, ಆಟಗಾರನಾಗಿ ಕೋಚ್ ಆಗಿ ಜೀವಮಾನದ ಬಹುಪಾಲು ಈ ತಂಡಕ್ಕೇ ಸವೆಸಿದ ಜಾನಿ ಪೆಸ್ಕಿ ತೀರಿಕೊಂಡಾಗ, ಅಂತ್ಯಕ್ರಿಯೆಗೆ ಬಂದ ಆಟಗಾರರು ನಾಲ್ಕೇ ಜನ. ಅದನ್ನು ಯಾವ ಮ್ಯಾನೇಜರ್ ತಲೆಗೆ ಕಟ್ಟೋದು?